ಕೆನಡಾದಲ್ಲಿರುವ ಸಂಗಾತಿಯನ್ನು ಸೇರಲು ಸ್ಪಾನ್ಸರ್‌ಶಿಪ್ ಅರ್ಜಿ: ತಯಾರಿಯಿಂದ ಪಿಆರ್ ಕಾರ್ಡ್‌ವರೆಗೆ

ಕೆನಡಾದಲ್ಲಿ ನೆಲೆಸಿರುವ ಪತಿಯನ್ನೋ ಪತ್ನಿಯನ್ನೋ ಸಂಗಾತಿಯನ್ನೋ ಸೇರಿಕೊಳ್ಳಲು ಹಾಕುವ ಖಾಯಂ ನಿವಾಸದ (ಪಿಆರ್) ಅರ್ಜಿಯಲ್ಲಿ ಅಂಕಗಳ ಲೆಕ್ಕಾಚಾರವಿಲ್ಲ, ಭಾಷಾ ಪರೀಕ್ಷೆಯಿಲ್ಲ, ಇಷ್ಟೇ ಓದಿರಬೇಕೆಂಬ ನಿಯಮವೂ ಇಲ್ಲ. ಕುಶಲ ಕೆಲಸಗಾರರನ್ನು ಅಂಕಗಳ ಮೇಲೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯ ದಾರಿಯಲ್ಲಿ ಬಂದವರಿಗೆ ಇದು ಸುಲಭದ ಅರ್ಜಿಯಾಗಿ ಕಾಣುವುದು ಸಹಜ. ಆದರೆ ಇಲ್ಲಿ ಅಧಿಕಾರಿ ತೂಗಿ ನೋಡುವುದು ನಿಮ್ಮಿಬ್ಬರ ಸಂಬಂಧವನ್ನು, ಅದೂ ಬಹುತೇಕ ಸಂದರ್ಭಗಳಲ್ಲಿ ನಿಮ್ಮನ್ನು ಒಮ್ಮೆಯೂ ಕಾಣದೆ, ನೀವು ಕಳುಹಿಸಿದ ಕಾಗದಗಳ ಮೂಲಕ ಮಾತ್ರ. ಸಂಬಂಧ ನಿಜವಾದದ್ದು ಎಂದು ತೋರಿಸಿಕೊಡುವ ಹೊಣೆ ಅರ್ಜಿದಾರರದ್ದೇ ಆಗಿರುತ್ತದೆ. ಅದು ಸುಳ್ಳೆಂದು ಸಾಬೀತುಪಡಿಸುವ ಹೊಣೆ ಅಧಿಕಾರಿಗಿಲ್ಲ. ಪರಿಚಯ, ನಿಶ್ಚಯ, ಮದುವೆ, ಪ್ರಯಾಣ, ವಾಸ, ಉದ್ಯೋಗ ಇವುಗಳ ದಿನಾಂಕಗಳು ಇಬ್ಬರ ನಮೂನೆಗಳಲ್ಲೂ ಒಂದೇ ಆಗಿದ್ದು, ಪ್ರತಿಯೊಂದರ ಹಿಂದೆಯೂ ಒಂದು ದಾಖಲೆ ನಿಂತಿದ್ದರೆ ಅರ್ಜಿಯ ಕಷ್ಟದ ಭಾಗ ಮುಗಿದಂತೆಯೇ. ಮುಂದೆ ಹೇಳುವ ಹೆಚ್ಚಿನ ಮಾತುಗಳು ಈ ಒಂದು ಗುರಿಗೆ ಸಂಬಂಧಿಸಿದವು.

ನಿಮ್ಮದು ಯಾವ ಸಂಬಂಧ

ಕೆನಡಾದ ಕಾನೂನು ಮೂರು ಬಗೆಯ ಸಂಬಂಧಗಳನ್ನು ಒಪ್ಪುತ್ತದೆ. ಮೊದಲನೆಯದು ವಿವಾಹ. ಮದುವೆ ನಡೆದ ದೇಶದ ಕಾನೂನಿಗೂ ಕೆನಡಾದ ಕಾನೂನಿಗೂ ಅದು ಸಿಂಧುವಾಗಿರಬೇಕು, ಇಬ್ಬರಿಗೂ 18 ವರ್ಷ ತುಂಬಿರಬೇಕು ಮತ್ತು ಮದುವೆಯ ಹೊತ್ತಿನಲ್ಲಿ ಇಬ್ಬರೂ ಖುದ್ದಾಗಿ ಹಾಜರಿರಬೇಕು. ಫೋನ್, ವಿಡಿಯೊ ಕರೆ ಅಥವಾ ಪ್ರತಿನಿಧಿಯ ಮೂಲಕ ನಡೆದ ಮದುವೆಗಳನ್ನು 2015ರ ಜೂನ್ 11ರಿಂದ ವಲಸೆಯ ಉದ್ದೇಶಕ್ಕೆ ಪರಿಗಣಿಸುವುದಿಲ್ಲ. ಸಶಸ್ತ್ರ ಪಡೆಗಳಲ್ಲಿ ಇರುವವರಿಗೆ ಮಾತ್ರ ಸೀಮಿತ ವಿನಾಯಿತಿ ಇದೆ.

ಎರಡನೆಯದು ಕಾಮನ್-ಲಾ ಸಂಬಂಧ. ಮದುವೆಯಾಗದಿದ್ದರೂ ದಂಪತಿಗಳಂತೆ ಕನಿಷ್ಠ ಒಂದು ವರ್ಷ ಎಡೆಬಿಡದೆ ಒಂದೇ ಮನೆಯಲ್ಲಿ ಬದುಕಿರಬೇಕು ಎಂಬುದು ಇದರ ತಿರುಳು. ಎರಡು ವಾರ ಇಲ್ಲಿ, ಒಂದು ತಿಂಗಳು ಅಲ್ಲಿ ಎಂದು ಬಿಡಿಬಿಡಿಯಾಗಿ ಜೊತೆಗಿದ್ದ ದಿನಗಳನ್ನು ಕೂಡಿಸಿ ಒಂದು ವರ್ಷವಾಯಿತೆಂದು ಲೆಕ್ಕ ತೋರಿಸಲಾಗದು. ಕೆಲಸದ ಮೇಲೆಯೋ ಮನೆಯವರ ಅನಾರೋಗ್ಯದ ಕಾರಣಕ್ಕೋ ಸ್ವಲ್ಪ ಕಾಲ ದೂರವಾದರೆ ತೊಂದರೆಯಿಲ್ಲ, ಆದರೆ ಆ ಅಗಲಿಕೆ ತಾತ್ಕಾಲಿಕವಾಗಿತ್ತು ಎಂಬುದು ಕಾಣಬೇಕು. ಒಂದು ವರ್ಷ ತುಂಬುವ ಮೊದಲೇ ಹಾಕಿದ ಅರ್ಜಿಗೆ ನೆಲೆಯಿಲ್ಲ. ಹನ್ನೊಂದನೆಯ ತಿಂಗಳಲ್ಲಿ ಅವಸರಪಡುವುದರಿಂದ ಶುಲ್ಕವೂ ಸಮಯವೂ ವ್ಯರ್ಥವಾಗುತ್ತವೆ.

ಮೂರನೆಯದು ಕಾಂಜುಗಲ್ ಸಂಗಾತಿ ಎಂಬ ವರ್ಗ. ಸಂಗಾತಿ ಕೆನಡಾದ ಹೊರಗಿದ್ದು, ಕನಿಷ್ಠ ಒಂದು ವರ್ಷದಿಂದ ದಾಂಪತ್ಯಕ್ಕೆ ಸಮಾನವಾದ ಸಂಬಂಧವಿದ್ದು, ಮದುವೆಯಾಗಲೂ ಒಟ್ಟಿಗೆ ಬದುಕಲೂ ನಿಜವಾದ ಅಡ್ಡಿಯಿದ್ದವರಿಗೆ ಮಾತ್ರ ಇದು. ಭಾರತದಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇಲ್ಲದಿರುವುದರಿಂದ ಅಂಥ ಕೆಲವು ಜೋಡಿಗಳು ಈ ವರ್ಗದ ಕಡೆ ನೋಡುತ್ತಾರೆ. ಆದರೆ ಕೆನಡಾದಲ್ಲಿ 2005ರಿಂದ ದೇಶದಾದ್ಯಂತ ಸಲಿಂಗ ವಿವಾಹ ಕಾನೂನುಬದ್ಧವಾಗಿರುವುದರಿಂದ, ಪ್ರವಾಸಿ ವೀಸಾದ ಮೇಲೆ ಬಂದು ಅಲ್ಲಿಯೇ ಮದುವೆಯಾಗುವ ಅವಕಾಶ ಇತ್ತೇ ಎಂದು ಅಧಿಕಾರಿ ಕೇಳುವ ಸಾಧ್ಯತೆ ಇದ್ದೇ ಇರುತ್ತದೆ. ವೀಸಾ ನಿರಾಕರಣೆಯ ಪತ್ರಗಳಿದ್ದರೆ ಇಲ್ಲಿ ಅವೇ ಪುರಾವೆಯಾಗುತ್ತವೆ. ನಿಶ್ಚಿತಾರ್ಥವಾದವರಿಗೆಂದು ಪ್ರತ್ಯೇಕ ವರ್ಗ ಈಗ ಇಲ್ಲ. ಮದುವೆ ಮುಗಿದ ಮೇಲೆಯೇ ಅರ್ಜಿ.

ಸ್ಪಾನ್ಸರ್ ಆಗುವವರ ಅರ್ಹತೆ

ಸ್ಪಾನ್ಸರ್ ಮಾಡುವವರು, ಅಂದರೆ ಸಂಗಾತಿಯನ್ನು ಕರೆಸಿಕೊಳ್ಳುವವರು, 18 ವರ್ಷ ತುಂಬಿದ ಕೆನಡಾದ ಪೌರರು ಅಥವಾ ಖಾಯಂ ನಿವಾಸಿಗಳು ಆಗಿರಬೇಕು. ಪೌರರು ಹೊರದೇಶದಲ್ಲಿ ಇದ್ದುಕೊಂಡೂ ಸ್ಪಾನ್ಸರ್ ಮಾಡಬಹುದು, ಆದರೆ ಸಂಗಾತಿಗೆ ಪಿಆರ್ ಸಿಕ್ಕಾಗ ತಾವೂ ಕೆನಡಾಕ್ಕೆ ಮರಳಿ ನೆಲೆಸುತ್ತೇವೆಂದು ತೋರಿಸಬೇಕು. ಪಿಆರ್ ಇರುವವರಿಗೆ ಈ ಸೌಲಭ್ಯವಿಲ್ಲ. ಅವರು ಕೆನಡಾದಲ್ಲಿಯೇ ವಾಸವಾಗಿರಬೇಕು. ಹೀಗಾಗಿ ಪಿಆರ್ ಇರುವವರು ಅರ್ಜಿ ಹಾಕಿ ಫಲಿತಾಂಶ ಬರುವತನಕ ಊರಿನಲ್ಲಿ ಪತ್ನಿಯ ಜೊತೆಗಿದ್ದು ಬರುತ್ತೇನೆಂದು ತಿಂಗಳುಗಟ್ಟಲೆ ಹೋಗಿ ಕುಳಿತರೆ ಅರ್ಹತೆಯ ಬಗ್ಗೆಯೇ ಪ್ರಶ್ನೆ ಏಳಬಹುದು. ರಜೆಯಲ್ಲಿ ಹೋಗಿಬರುವುದು ಬೇರೆ ಮಾತು.

ಸಂಗಾತಿಯ ಸ್ಪಾನ್ಸರ್‌ಶಿಪ್‌ಗೆ ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿಯಿಲ್ಲ. ತಂದೆತಾಯಿಯರ ಸ್ಪಾನ್ಸರ್‌ಶಿಪ್‌ನ ಆದಾಯದ ಕೋಷ್ಟಕವನ್ನು ನೋಡಿ ಹೆದರಿ ಹಿಂದೆ ಸರಿಯುವವರಿದ್ದಾರೆ. ಆ ಕೋಷ್ಟಕ ಇಲ್ಲಿ ಅನ್ವಯಿಸುವುದು ಜೊತೆಗೆ ಬರುವ ಅವಲಂಬಿತ ಮಗುವಿಗೂ ಸ್ವಂತ ಮಗುವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ. ಆದರೆ ಅಂಗವೈಕಲ್ಯವಲ್ಲದ ಕಾರಣಕ್ಕೆ ಸರ್ಕಾರದ ಸಾಮಾಜಿಕ ನೆರವು ಪಡೆಯುತ್ತಿರುವವರು, ದಿವಾಳಿತನದಿಂದ ಇನ್ನೂ ಬಿಡುಗಡೆಯಾಗದವರು, ಸೆರೆಮನೆಯಲ್ಲಿ ಇರುವವರು, ಕರೆಸಿಕೊಂಡವರ ಖರ್ಚಿನ ಹೊಣೆ ಹೊರುವೆನೆಂದು ಹಿಂದೆ ಬರೆದುಕೊಟ್ಟ ಮುಚ್ಚಳಿಕೆಯಂತೆ ನಡೆಯದವರು ಸ್ಪಾನ್ಸರ್ ಆಗಲಾರರು. ಸ್ವತಃ ಸಂಗಾತಿಯ ಸ್ಪಾನ್ಸರ್‌ಶಿಪ್ ಮೇಲೆ ಕೆನಡಾಕ್ಕೆ ಬಂದವರು ತಮಗೆ ಪಿಆರ್ ಸಿಕ್ಕ ದಿನದಿಂದ ಐದು ವರ್ಷ ಕಳೆಯುವ ತನಕ ಹೊಸ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ. ನಡುವೆ ಪೌರತ್ವ ಸಿಕ್ಕಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನೊಂದು ನಿಯಮವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಓದಲೆಂದೋ ಕೆಲಸಕ್ಕೆಂದೋ ಹೋಗಿ ನೆಲೆಯೂರಿದ ಯುವಕ ಯುವತಿಯರು ಅರಿವಿಲ್ಲದೆ ಸಿಕ್ಕಿಬೀಳುವುದು ಇದರಲ್ಲಿಯೇ. ವಲಸೆ ನಿಯಮಾವಳಿಯ 117(9)(ಡಿ) ಎಂಬ ವಿಧಿಯ ಪ್ರಕಾರ, ಸ್ಪಾನ್ಸರ್ ಮಾಡುವವರು ತಾವು ಪಿಆರ್ ಆದ ಹೊತ್ತಿನಲ್ಲಿ ಇದ್ದ ಪತಿ, ಪತ್ನಿ, ಕಾಮನ್-ಲಾ ಸಂಗಾತಿ ಅಥವಾ ಮಗುವನ್ನು ಇಲಾಖೆಗೆ ತಿಳಿಸದೆ, ಅವರ ಪರಿಶೀಲನೆ ನಡೆಯದೆ ಹೋಗಿದ್ದರೆ, ಆ ವ್ಯಕ್ತಿ ಮುಂದೆ ಕುಟುಂಬ ವರ್ಗದಲ್ಲಿ ಬರುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಒಂಟಿ ಎಂದು ನಮೂದಿಸಿ ಎಕ್ಸ್‌ಪ್ರೆಸ್ ಎಂಟ್ರಿಯ ಅರ್ಜಿ ಹಾಕಿದ ವ್ಯಕ್ತಿ, ಫಲಿತಾಂಶಕ್ಕೆ ಕಾಯುವ ನಡುವೆ ಊರಿಗೆ ಹೋಗಿ ಮದುವೆಯಾಗಿ, ಅದನ್ನು ತಿಳಿಸಿದರೆ ಅರ್ಜಿ ತಡವಾಗುತ್ತದೆಂದು ಸುಮ್ಮನಿದ್ದು ಪಿಆರ್ ಪಡೆದರೆ, ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿ ಮುಚ್ಚಿಹೋಗಿರುತ್ತದೆ. ಅಂಥವರಲ್ಲಿ ಕೆಲವರಿಗಾಗಿ 2019ರ ಸೆಪ್ಟೆಂಬರ್ 9ರಂದು ತಾತ್ಕಾಲಿಕ ಸಡಿಲಿಕೆಯೊಂದು ಆರಂಭವಾಯಿತು. ಅದು ಎಲ್ಲರಿಗೂ ಅನ್ವಯಿಸುವುದಿಲ್ಲವಾದ್ದರಿಂದ ಅದನ್ನು ನಂಬಿ ವಿಷಯ ಮುಚ್ಚಿಡುವುದು ಮೂರ್ಖತನ. ಇದೇ ನಿಯಮ ಈಗ ಸ್ಪಾನ್ಸರ್‌ಶಿಪ್ ಪಡೆಯುತ್ತಿರುವವರಿಗೂ ಅನ್ವಯಿಸುತ್ತದೆ: ಹಿಂದಿನ ಮದುವೆಯ ಮಗು ಜೊತೆಗೆ ಬರುವುದಿಲ್ಲವಾದರೂ ಅದರ ಹೆಸರನ್ನು ಅರ್ಜಿಯಲ್ಲಿ ಬರೆಯಬೇಕು, ಅದಕ್ಕೂ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಅರ್ಜಿ ಹಾಕಿದ ಮೇಲೆ ಮಗು ಹುಟ್ಟಿದರೆ ಪಿಆರ್ ಆಗುವ ಮೊದಲೇ ತಿಳಿಸಬೇಕು.

ಕೆನಡಾದ ಒಳಗಿಂದಲೋ ಹೊರಗಿಂದಲೋ

ಅರ್ಜಿಗೆ ಎರಡು ದಾರಿಗಳಿವೆ. ಸಂಗಾತಿ ಕೆನಡಾದ ಹೊರಗಿದ್ದರೆ ಕುಟುಂಬ ವರ್ಗದ ದಾರಿ. ಇದನ್ನು ಔಟ್‌ಲ್ಯಾಂಡ್ ಎನ್ನುತ್ತಾರೆ. ಇಬ್ಬರೂ ಕೆನಡಾದಲ್ಲಿ ಒಂದೇ ಮನೆಯಲ್ಲಿ ವಾಸವಾಗಿದ್ದರೆ ಇನ್‌ಲ್ಯಾಂಡ್ ದಾರಿ ಹಿಡಿಯಬಹುದು. ಕೆನಡಾದಲ್ಲಿಯೇ ಇರುವವರೂ ಔಟ್‌ಲ್ಯಾಂಡ್ ಅರ್ಜಿ ಹಾಕಬಹುದು ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಆಗಾಗ ಊರಿಗೆ ಹೋಗಿಬರಬೇಕಾದವರಿಗೆ ಅದೇ ಮೇಲು. ಇದಕ್ಕೆ ಎರಡು ಕಾರಣಗಳಿವೆ. ಇನ್‌ಲ್ಯಾಂಡ್ ಅರ್ಜಿದಾರರು ನಡುವೆ ಹೊರದೇಶಕ್ಕೆ ಹೋಗಿ, ಮರಳುವಾಗ ಗಡಿಯಲ್ಲಿ ಪ್ರವೇಶ ಸಿಗದಿದ್ದರೆ, ಕೆನಡಾದಲ್ಲಿ ಜೊತೆಗೆ ವಾಸಿಸುತ್ತಿರಬೇಕೆಂಬ ಷರತ್ತು ಮುರಿದು ಅರ್ಜಿಯೇ ಬೀಳುತ್ತದೆ. ಅಲ್ಲದೆ, ಔಟ್‌ಲ್ಯಾಂಡ್ ಅರ್ಜಿ ತಿರಸ್ಕೃತವಾದರೆ ಸ್ಪಾನ್ಸರ್ ಮಾಡಿದವರು ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಇನ್‌ಲ್ಯಾಂಡ್ ಅರ್ಜಿಗೆ ಆ ಹಕ್ಕಿಲ್ಲ, ಉಳಿಯುವುದು ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಿಕ ಪರಿಶೀಲನೆ ಕೋರುವ ಅವಕಾಶ ಮಾತ್ರ.

ಹಿಂದೆ ಇನ್‌ಲ್ಯಾಂಡ್‌ನ ದೊಡ್ಡ ಆಕರ್ಷಣೆಯಾಗಿದ್ದ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾವ ಮಾಲೀಕರ ಬಳಿಯಾದರೂ ದುಡಿಯುವ ಅನುಮತಿ, 2023ರಲ್ಲಿ ಬಂದ ಬದಲಾವಣೆಯಿಂದ ಸಂಗಾತಿಯ ಜೊತೆ ಕೆನಡಾದಲ್ಲಿರುವ ಔಟ್‌ಲ್ಯಾಂಡ್ ಅರ್ಜಿದಾರರಿಗೂ ತೆರೆದುಕೊಂಡಿತು. ಆದ್ದರಿಂದ ವರ್ಕ್ ಪರ್ಮಿಟ್ ಒಂದಕ್ಕಾಗಿ ಇನ್‌ಲ್ಯಾಂಡ್ ಆರಿಸಿಕೊಳ್ಳಿ ಎಂಬ ಹಳೆಯ ಸಲಹೆಯನ್ನು ಯಾರಾದರೂ ಕೊಟ್ಟರೆ ಒಮ್ಮೆ ಯೋಚಿಸಿ. ವೀಸಾ ಅವಧಿ ಮುಗಿದೂ ಕೆನಡಾದಲ್ಲಿ ಉಳಿದುಬಿಟ್ಟವರಿಗೆ ಮಾತ್ರ ಇನ್‌ಲ್ಯಾಂಡ್ ದಾರಿಯ ವಿಶೇಷ ರಿಯಾಯಿತಿ ಮುಖ್ಯವಾಗುತ್ತದೆ. ಅಂಥವರು ವಕೀಲರ ಜೊತೆ ಮಾತನಾಡದೆ ಮುಂದುವರಿಯಬಾರದು.

ಸ್ಪಾನ್ಸರ್ ಮಾಡುವವರು ಕ್ವಿಬೆಕ್ ಪ್ರಾಂತ್ಯದಲ್ಲಿದ್ದರೆ ಹಾದಿ ಬೇರೆಯಾಗುತ್ತದೆ. ಅಲ್ಲಿ ಪ್ರಾಂತ್ಯ ಸರ್ಕಾರಕ್ಕೆ ಪ್ರತ್ಯೇಕ ಮುಚ್ಚಳಿಕೆಯ ಅರ್ಜಿ ಸಲ್ಲಿಸಬೇಕು, ಮತ್ತು 2024ರ ಜೂನ್‌ನಿಂದ ಆ ಸರ್ಕಾರ ಇಂಥ ಅರ್ಜಿಗಳ ಸಂಖ್ಯೆಗೆ ಮಿತಿ ಹಾಕಿರುವುದರಿಂದ ಕಾಯುವಿಕೆ ಬೇರೆ ಪ್ರಾಂತ್ಯಗಳಿಗಿಂತ ದೀರ್ಘವಾಗಿದೆ.

ನಮೂನೆಗಳು

ಅರ್ಜಿಯನ್ನು ಐಆರ್‌ಸಿಸಿ ಎಂದು ಎಲ್ಲರೂ ಕರೆಯುವ ವಲಸೆ ಇಲಾಖೆಯ ಪಿಆರ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಸ್ಪಾನ್ಸರ್ ಮಾಡುವವರ ಕಾಗದಗಳೂ ಬರುವವರ ಕಾಗದಗಳೂ ಒಂದೇ ಕಟ್ಟಾಗಿ ಒಟ್ಟಿಗೆ ಹೋಗುತ್ತವೆ. ಮೊದಲು ಐಎಂಎಂ 5533 ಎಂಬ ದಾಖಲೆಗಳ ಪಟ್ಟಿಯನ್ನು ಇಳಿಸಿಕೊಂಡು ಅದನ್ನೇ ದಾರಿಸೂಚಿಯಾಗಿ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಕೇಳಿದ ಒಂದು ಕಾಗದ ಇಲ್ಲದಿದ್ದರೂ ಇಡೀ ಅರ್ಜಿ ಪರಿಶೀಲನೆಗೆ ಹೋಗದೆ ಮರಳಿ ಬರಬಹುದು, ಸರದಿಯಲ್ಲಿನ ನಿಮ್ಮ ಸ್ಥಾನವೂ ಹೋಗುತ್ತದೆ.

ಐಎಂಎಂ 1344 ಸ್ಪಾನ್ಸರ್ ಮಾಡುವವರ ಅರ್ಜಿ ಮತ್ತು ಮುಚ್ಚಳಿಕೆ. ಇದರಲ್ಲಿ ಸದ್ದಿಲ್ಲದ ಒಂದು ಪ್ರಶ್ನೆಯಿದೆ: ನೀವು ಅನರ್ಹರೆಂದು ಕಂಡುಬಂದರೆ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತೀರೋ ಮುಂದುವರಿಸುತ್ತೀರೋ ಎಂದು ಅದು ಕೇಳುತ್ತದೆ. ಹಿಂತೆಗೆದುಕೊಳ್ಳುತ್ತೇನೆ ಎಂದರೆ ಸ್ಪಾನ್ಸರ್‌ಶಿಪ್ ಶುಲ್ಕವನ್ನು ಹಿಡಿದುಕೊಂಡು ಉಳಿದ ಹಣ ಹಿಂದಿರುಗಿಸುತ್ತಾರೆ. ಮುಂದುವರಿಸುತ್ತೇನೆ ಎಂದರೆ ಹಣ ಬರುವುದಿಲ್ಲ, ಆದರೆ ಮೇಲ್ಮನವಿಯ ಹಕ್ಕು ಉಳಿಯುತ್ತದೆ. ಅರ್ಹತೆಯ ಬಗ್ಗೆ ಸಣ್ಣ ಅನುಮಾನವಿದ್ದರೂ ಎರಡನೆಯದನ್ನು ಆರಿಸುವುದು ಒಳ್ಳೆಯದು.

ಐಎಂಎಂ 0008 ಮೂಲ ಅರ್ಜಿ, 5406 ಕುಟುಂಬದ ವಿವರ, 5669 ಹಿನ್ನೆಲೆಯ ವಿವರ. ಇವುಗಳಲ್ಲಿ ಹೆಚ್ಚು ಎಡವುವುದು 5669ರಲ್ಲಿ. ಹತ್ತು ವರ್ಷಗಳಲ್ಲಿ, ಅಥವಾ 18 ತುಂಬಿದಂದಿನಿಂದ, ಎಲ್ಲಿ ಇದ್ದಿರಿ ಏನು ಮಾಡುತ್ತಿದ್ದಿರಿ ಎಂಬುದನ್ನು ಒಂದು ತಿಂಗಳೂ ಬಿಟ್ಟುಹೋಗದಂತೆ ಬರೆಯಬೇಕು. ಡಿಗ್ರಿ ಮುಗಿದು ಕೆಲಸ ಸಿಗುವವರೆಗಿನ ಐದು ತಿಂಗಳು, ಪರೀಕ್ಷೆಗೆ ಓದುತ್ತ ಮನೆಯಲ್ಲಿದ್ದ ಕಾಲ, ಹೆರಿಗೆಯ ನಂತರದ ವರ್ಷ ಇವನ್ನೆಲ್ಲ ನಿರುದ್ಯೋಗ, ಓದು, ಗೃಹಿಣಿ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು, ಅದರಲ್ಲಿ ಅವಮಾನವೇನಿಲ್ಲ. 5406ರಲ್ಲಿ ತೀರಿಹೋದವರನ್ನೂ ಮಲ ಒಡಹುಟ್ಟಿದವರನ್ನೂ ಸೇರಿಸಬೇಕು. ಬೇರೆ ದೇಶದ ವೀಸಾ ಹಿಂದೆ ನಿರಾಕೃತವಾಗಿದ್ದರೆ ಮುಚ್ಚಿಡಬೇಡಿ. ನಿರಾಕರಣೆಯಿಂದ ಆಗುವ ಹಾನಿ ಅಲ್ಪ, ಆದರೆ ಮುಚ್ಚಿಟ್ಟದ್ದು ತಪ್ಪು ಮಾಹಿತಿಯೆಂದು ತೀರ್ಮಾನವಾದರೆ ಐದು ವರ್ಷಗಳ ಪ್ರವೇಶ ನಿಷೇಧ ಬೀಳುತ್ತದೆ.

ಸಂಬಂಧವನ್ನು ಕಾಗದದ ಮೇಲೆ ತೋರಿಸುವುದು

ನಿಯಮಾವಳಿಯ 4ನೇ ವಿಧಿ ಇಡೀ ಅರ್ಜಿಯ ಹೃದಯವಿದ್ದಂತೆ. ಸಂಬಂಧ ನಿಜವಾದದ್ದಲ್ಲದಿದ್ದರೆ, ಅಥವಾ ವಲಸೆಯ ಲಾಭವೇ ಅದರ ಮುಖ್ಯ ಉದ್ದೇಶವಾಗಿದ್ದರೆ, ಅರ್ಜಿ ನಿಲ್ಲುವುದಿಲ್ಲ. ನಡುವಿರುವ ‘ಅಥವಾ’ ಎಂಬುದು ಕಠಿಣವಾದದ್ದು. ಇವತ್ತು ಸಂಸಾರ ಚೆನ್ನಾಗಿಯೇ ನಡೆಯುತ್ತಿದ್ದರೂ, ಮದುವೆಯಾದ ಹೊತ್ತಿನಲ್ಲಿ ಉದ್ದೇಶ ಬೇರೆ ಇತ್ತೆಂದು ಅಧಿಕಾರಿಗೆ ಅನ್ನಿಸಿದರೆ ತಿರಸ್ಕರಿಸಲು ಅಷ್ಟೇ ಸಾಕು. ಆದ್ದರಿಂದ ಮದುವೆಯ ನಂತರದ ಪುರಾವೆಗಳನ್ನು ಮಾತ್ರ ರಾಶಿ ಹಾಕದೆ, ಮದುವೆಗೆ ಮುಂಚಿನ ಕಾಲದ ಪುರಾವೆಗೂ ಅಷ್ಟೇ ಗಮನ ಕೊಡಬೇಕು.

ಸಂಬಂಧದ ಕಥೆಯನ್ನು ಹೇಳುವ ನಮೂನೆ ಐಎಂಎಂ 5532. ಹಿರಿಯರು ನಿಶ್ಚಯಿಸಿದ ಮದುವೆಯಾದವರು ಇದರ ಮುಂದೆ ತಡವರಿಸುತ್ತಾರೆ, ಏಕೆಂದರೆ ಅದರ ಪ್ರಶ್ನೆಗಳು ಪರಿಚಯವಾಗಿ, ಒಡನಾಡಿ, ಪ್ರೀತಿಸಿ, ಆಮೇಲೆ ಮದುವೆಯಾಗುವ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡಂತೆ ಇವೆ. ಹಾಗೆಂದು ಇಲ್ಲದ ಪ್ರೇಮಕಥೆಯನ್ನು ಹೆಣೆಯಬೇಕಿಲ್ಲ. ನಿಶ್ಚಯಿಸಿದ ಮದುವೆ ಅಧಿಕಾರಿಗಳಿಗೆ ಹೊಸದೂ ಅಲ್ಲ, ಸಂಶಯಾಸ್ಪದವೂ ಅಲ್ಲ. ಆ ಕ್ರಮದಲ್ಲಿ ಮದುವೆ ಹೇಗೆ ಕೂಡಿಬರುತ್ತದೋ ಅದೇ ಕ್ರಮದಲ್ಲಿ ನಡೆಯಿತು ಎಂದು ತೋರಿಸುವುದು ಮುಖ್ಯ. ಯಾವ ಬಂಧುವಿನಿಂದ ಅಥವಾ ಯಾವ ವಿವಾಹ ಜಾಲತಾಣದಿಂದ ಪ್ರಸ್ತಾಪ ಬಂತು, ಎರಡೂ ಮನೆಯವರು ಯಾವ ದಿನ ಎಲ್ಲಿ ಭೇಟಿಯಾದರು, ಆಗ ಸ್ಪಾನ್ಸರ್ ಊರಿನಲ್ಲಿದ್ದರೋ ಕೆನಡಾದಿಂದ ವಿಡಿಯೊ ಕರೆಯಲ್ಲಿ ಮಾತನಾಡಿದರೋ, ಒಪ್ಪಿಗೆಗೆ ಎಷ್ಟು ಕಾಲ ಹಿಡಿಯಿತು, ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಇಬ್ಬರ ಮಾತುಕತೆ ಹೇಗೆ ನಡೆದಿತ್ತು ಎಂಬುದನ್ನು ಸರಳವಾಗಿ, ದಿನಾಂಕಗಳ ಸಮೇತ ಬರೆಯಿರಿ.

ನೋಡಿದ ಎರಡೇ ವಾರಕ್ಕೆ ಮದುವೆಯಾಗಿದ್ದರೆ ಅದಕ್ಕೆ ಕಾರಣವಿರುತ್ತದೆ: ಸಿಕ್ಕ ರಜೆಯೇ ಅಷ್ಟು, ಅಥವಾ ಮುಂದಿನ ಮುಹೂರ್ತ ಆರು ತಿಂಗಳ ಆಚೆಗಿತ್ತು. ಬರೆಯದಿದ್ದರೆ ಓದುವವರಿಗೆ ಅದು ತಿಳಿಯುವುದು ಸಾಧ್ಯವಿಲ್ಲ. ಅಧಿಕಾರಿಗಳ ಕಣ್ಣು ನಿಲ್ಲುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ವಯಸ್ಸಿನಲ್ಲಿ ದೊಡ್ಡ ಅಂತರ, ಇಬ್ಬರ ನಡುವೆ ಸಮಾನ ಭಾಷೆ ಇಲ್ಲದಿರುವುದು, ವಿಚ್ಛೇದನವಾದ ಬೆನ್ನಲ್ಲೇ ಮರುಮದುವೆ, ತಂದೆತಾಯಿ ಬಾರದ ಮದುವೆ, ಸ್ಟಡಿ ಪರ್ಮಿಟ್ ತಿರಸ್ಕೃತವಾದ ಮರುವರ್ಷವೇ ನಡೆದ ಮದುವೆ. ಇವುಗಳಲ್ಲಿ ಯಾವುದಾದರೂ ನಿಮ್ಮಲ್ಲಿದ್ದರೆ ಅವರು ಕೇಳುವ ಮೊದಲೇ ಒಂದು ಪುಟದ ಪತ್ರದಲ್ಲಿ ವಿವರಿಸಿ, ಸಾಧ್ಯವಾದರೆ ಎರಡೂ ಕಡೆಯ ಹಿರಿಯರಿಂದ ಪತ್ರಗಳನ್ನು ಸೇರಿಸಿ. ಮನೆಯವರ ವಿರೋಧದ ನಡುವೆ ಮದುವೆಯಾಗಿದ್ದರೆ ಅದನ್ನೂ ಹೇಳಿ. ಆಗ ಗೆಳೆಯರ, ಸಹೋದ್ಯೋಗಿಗಳ ಪತ್ರಗಳು ಆ ಜಾಗವನ್ನು ತುಂಬುತ್ತವೆ.

ಫೋಟೊಗಳು 20, ಮಾತುಕತೆಯ ಪುರಾವೆ 10 ಪುಟ ಎಂದು ದಾಖಲೆಗಳ ಪಟ್ಟಿ ಮಿತಿ ಹಾಕುತ್ತದೆ. ಆಲ್ಬಮ್‌ನಿಂದ ವಧೂವರರಿಬ್ಬರೇ ನಿಂತ 20 ಚಿತ್ರಗಳನ್ನು ಆರಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಶಾಸ್ತ್ರಗಳು ನಡೆಯುತ್ತಿರುವಾಗ ತೆಗೆದ, ಎರಡೂ ಕಡೆಯ ಬಂಧುಗಳು ಕಾಣುವ ಚಿತ್ರಗಳು, ಮದುವೆಗೆ ಮುಂಚಿನ ಭೇಟಿಯ ಒಂದೆರಡು, ಆನಂತರ ಜೊತೆಯಲ್ಲಿ ಕಳೆದ ಬೇರೆ ಬೇರೆ ಸಮಯದ ಕೆಲವು ಹೀಗೆ ಕಾಲ ಸರಿದುಹೋದದ್ದು ತಿಳಿಯುವಂತೆ ಆಯ್ದು, ಪ್ರತಿಯೊಂದರ ಕೆಳಗೆ ದಿನಾಂಕ, ಸ್ಥಳ ಮತ್ತು ಚಿತ್ರದಲ್ಲಿರುವವರ ಹೆಸರು ಬರೆಯಿರಿ. ವಾಟ್ಸಾಪ್ ಸಂಭಾಷಣೆಗೂ ಇದೇ ಮಾತು ಸಲ್ಲುತ್ತದೆ. ಒಂದೇ ವಾರದ ಹತ್ತು ಪುಟಗಳಿಗಿಂತ ಒಂದೂವರೆ ವರ್ಷದಲ್ಲಿ ಹರಡಿದ ಹತ್ತು ಪುಟಗಳು ಹೆಚ್ಚು ಹೇಳುತ್ತವೆ. ಮನೆ ಬಾಡಿಗೆ, ಅಪ್ಪನ ಔಷಧಿ, ನಾಳೆಯ ಅಡುಗೆ ಇಂಥ ದಿನನಿತ್ಯದ ಮಾತುಗಳೇ ನಿಜವಾದ ಸಂಸಾರದ ಗುರುತಾದ್ದರಿಂದ ಪ್ರೀತಿಯ ಸಾಲುಗಳನ್ನಷ್ಟೇ ಹುಡುಕಬೇಡಿ. ಸಂಭಾಷಣೆ ಕನ್ನಡದಲ್ಲಿದ್ದರೆ ಅನುವಾದ ಬೇಕಾಗುತ್ತದೆ.

ಇವುಗಳ ಜೊತೆಗೆ ವಿಮಾನ ಟಿಕೆಟ್ ಮತ್ತು ಪಾಸ್‌ಪೋರ್ಟ್‌ನ ಮುದ್ರೆಗಳು, ಹಣ ಕಳುಹಿಸಿದ ದಾಖಲೆ, ಜಂಟಿ ಬ್ಯಾಂಕ್ ಖಾತೆ, ವಿಮೆಯಲ್ಲಿ ಅಥವಾ ಉದ್ಯೋಗದ ಸೌಲಭ್ಯಗಳಲ್ಲಿ ಸಂಗಾತಿಯನ್ನು ನಾಮಿನಿಯಾಗಿ ಬರೆಸಿರುವುದು ಬಲ ಕೊಡುತ್ತವೆ. ಕೆನಡಾದಲ್ಲಿ ಸ್ಪಾನ್ಸರ್ ಮಾಡುವವರು ಆದಾಯ ತೆರಿಗೆ ಸಲ್ಲಿಸುವಾಗ ವೈವಾಹಿಕ ಸ್ಥಿತಿಯನ್ನು ಬದಲಿಸಿರಬೇಕು. ವಲಸೆ ಅರ್ಜಿಯಲ್ಲಿ ವಿವಾಹಿತ, ತೆರಿಗೆ ಕಾಗದದಲ್ಲಿ ಒಂಟಿ ಎಂದಿದ್ದರೆ ಅಧಿಕಾರಿ ಯಾವುದನ್ನು ನಂಬಬೇಕು?

ಕಾಮನ್-ಲಾ ಜೋಡಿಗಳಿಗೆ ಮದುವೆಯ ಪ್ರಮಾಣಪತ್ರದ ಆಸರೆಯಿಲ್ಲದಿರುವುದರಿಂದ ಒಂದೇ ವಿಳಾಸದ ದಾಖಲೆಗಳೇ ಬುನಾದಿ. ಇಬ್ಬರ ಹೆಸರಿರುವ ಬಾಡಿಗೆ ಕರಾರು, ವಿದ್ಯುತ್ ಮತ್ತು ಇಂಟರ್ನೆಟ್ ಬಿಲ್, ಚಾಲನಾ ಪರವಾನಗಿ, ಬ್ಯಾಂಕ್ ಪತ್ರ ಇವು ಇಡೀ ಹನ್ನೆರಡು ತಿಂಗಳನ್ನು ಆವರಿಸಬೇಕು, ಮತ್ತು ಐಎಂಎಂ 5409 ಎಂಬ ಶಾಸನಬದ್ಧ ಘೋಷಣೆಗೆ ಅಧಿಕಾರವುಳ್ಳವರ ಮುಂದೆ ಇಬ್ಬರೂ ಸಹಿ ಮಾಡಬೇಕು. ಕರಾರಿನಲ್ಲಿ ಒಬ್ಬರ ಹೆಸರು ಮಾತ್ರ ಇದ್ದರೆ ಮನೆ ಮಾಲೀಕರಿಂದ ಪತ್ರ ಪಡೆಯಿರಿ. ಜೊತೆಯಾಗಿ ಬದುಕಲು ಆರಂಭಿಸಿದ ತಿಂಗಳೇ ಈ ಕಾಗದಗಳನ್ನು ಕೂಡಿಡತೊಡಗಿದವರಿಗೆ ಆಮೇಲಿನ ಪರದಾಟವಿರುವುದಿಲ್ಲ.

ಹೆಸರು, ಅನುವಾದ, ಪ್ರಮಾಣಪತ್ರ

ಕರ್ನಾಟಕದಿಂದ ಹೋಗುವ ಅರ್ಜಿಗಳಲ್ಲಿ ಹೆಸರಿನ ಗೊಂದಲ ತಪ್ಪಿದ್ದಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತೃತ ರೂಪ, ಮದುವೆಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಸೇರಿದ ಇನ್ನೊಂದು ರೂಪ ಹೀಗಿರುತ್ತದೆ. ನಮೂನೆಗಳಲ್ಲಿ ಪಾಸ್‌ಪೋರ್ಟ್‌ನ ರೂಪವನ್ನೇ ಅಕ್ಷರಶಃ ಬಳಸಿ, ಉಳಿದವುಗಳನ್ನು ಬೇರೆ ಹೆಸರುಗಳು ಎಂಬ ಕಡೆ ತುಂಬಿ, ಇವರೆಲ್ಲ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಸೇರಿಸಿ. ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಸ್ಥಳ ಖಾಲಿಯಿದ್ದರೆ ಪೂರ್ಣ ಹೆಸರನ್ನು ಕುಲನಾಮದ ಜಾಗದಲ್ಲಿ ಬರೆದು ಇನ್ನೊಂದನ್ನು ಖಾಲಿ ಬಿಡಬೇಕೆಂದು ಇಲಾಖೆಯ ಸೂಚನೆಯಿದೆ.

ದೇವಸ್ಥಾನದ ಅಥವಾ ಕಲ್ಯಾಣ ಮಂಟಪದ ರಸೀದಿ ಮದುವೆಯ ಪುರಾವೆಯಾಗುವುದಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿ ಪಡೆದ ಪ್ರಮಾಣಪತ್ರ ಬೇಕು. ಸ್ಪಾನ್ಸರ್ ರಜೆ ಮುಗಿಸಿ ವಿಮಾನ ಹತ್ತುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ತೀರ್ಪಿನ ಪೂರ್ಣ ಪ್ರತಿ ಅಥವಾ ಮರಣ ಪ್ರಮಾಣಪತ್ರ ಇರಲೇಬೇಕು.

ಇಂಗ್ಲಿಷ್ ಅಥವಾ ಫ್ರೆಂಚ್ ಅಲ್ಲದ ಪ್ರತಿ ಕಾಗದಕ್ಕೂ ಅನುವಾದ ಬೇಕು. ಅನುವಾದಕರು ಕೆನಡಾದಲ್ಲಿ ಪ್ರಮಾಣಿತರಲ್ಲದಿದ್ದರೆ ಅವರ ಅಫಿಡವಿಟ್ ಮತ್ತು ಮೂಲದ ಪ್ರತಿ ಜೊತೆಗಿರಬೇಕು. ಎರಡೂ ಭಾಷೆ ಚೆನ್ನಾಗಿ ಬಲ್ಲ ಅಕ್ಕನೋ ಭಾವನೋ ಮನೆಯಲ್ಲಿದ್ದರೂ ಕುಟುಂಬದವರ ಅನುವಾದವನ್ನು ಒಪ್ಪುವುದಿಲ್ಲ.

ಹತ್ತು ವರ್ಷಗಳಲ್ಲಿ ಸತತವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಇದ್ದ ಪ್ರತಿ ದೇಶದಿಂದ ಪೊಲೀಸ್ ಪ್ರಮಾಣಪತ್ರ ತರಿಸಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಸಿಗುವ, ಪಿಸಿಸಿ ಎಂದು ಕರೆಯುವ ಪೊಲೀಸ್ ಪ್ರಮಾಣಪತ್ರ ಬೇಕು. ವೈದ್ಯಕೀಯ ಪರೀಕ್ಷೆಯನ್ನು ಇಲಾಖೆ ಗೊತ್ತುಮಾಡಿದ ವೈದ್ಯರಲ್ಲಿ ಮಾತ್ರ ಮಾಡಿಸಬೇಕು, ಅದರ ಫಲಿತಾಂಶ 12 ತಿಂಗಳು ಊರ್ಜಿತವಾಗಿರುತ್ತದೆ. ಮಧುಮೇಹ, ಮೂತ್ರಪಿಂಡದ ಕಾಯಿಲೆ ಮುಂತಾದವು ಇರುವವರು ಗಾಬರಿಪಡಬೇಕಿಲ್ಲ: ಚಿಕಿತ್ಸೆಯ ಖರ್ಚು ಹೆಚ್ಚೆಂಬ ಕಾರಣಕ್ಕೆ ಸ್ಪಾನ್ಸರ್‌ಶಿಪ್‌ನಲ್ಲಿ ಬರುವ ಸಂಗಾತಿಯನ್ನು ತಡೆಯುವಂತಿಲ್ಲ ಎಂದು ಕಾನೂನೇ ವಿನಾಯಿತಿ ಕೊಟ್ಟಿದೆ.

2024ರ ಏಪ್ರಿಲ್ 30ರಂದು ಜಾರಿಗೆ ಬಂದ ಪಟ್ಟಿಯಂತೆ ಸ್ಪಾನ್ಸರ್‌ಶಿಪ್‌ಗೆ 85, ಅರ್ಜಿಯ ಪರಿಶೀಲನೆಗೆ 545, ಖಾಯಂ ನಿವಾಸದ ಹಕ್ಕಿಗೆ 575, ಹೀಗೆ ಒಟ್ಟು 1,205 ಕೆನಡಾ ಡಾಲರ್. ಬಯೋಮೆಟ್ರಿಕ್ಸ್‌ಗೆ ಇನ್ನೂ 85. ಈ ಶುಲ್ಕಗಳನ್ನು ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುವುದರಿಂದ ಕಟ್ಟುವ ದಿನದ ಪಟ್ಟಿಯನ್ನೇ ನೋಡಿ. 575 ಡಾಲರ್‌ಗಳನ್ನು ಆಮೇಲೆ ಕಟ್ಟಲೂ ಅವಕಾಶವಿದೆ, ಆದರೆ ಕೊನೆಗೆ ಶುಲ್ಕ ಕೇಳುವ ಪತ್ರಕ್ಕಾಗಿ ಕಾಯುವುದಕ್ಕಿಂತ ಮೊದಲೇ ಕಟ್ಟುವುದು ಮೇಲು. ಅರ್ಜಿ ತಿರಸ್ಕೃತವಾದರೆ ಅಷ್ಟು ಹಣ ಮರಳಿ ಬರುತ್ತದೆ.

ಅರ್ಜಿ ತುಂಬಲು ಯಾರನ್ನೂ ಹಿಡಿಯಲೇಬೇಕೆಂದಿಲ್ಲ. ನೇರವಾದ ಪ್ರಕರಣಗಳಲ್ಲಿ ಇಬ್ಬರೂ ಕುಳಿತು ಮಾಡಿಕೊಳ್ಳಬಹುದಾದ ಕೆಲಸ ಇದು. ಹಣ ಕೊಟ್ಟು ನೆರವು ಪಡೆಯುವುದಾದರೆ ಕೆನಡಾದ ಪ್ರಾಂತ್ಯವೊಂದರ ವಕೀಲರ ಸಂಘದ ಸದಸ್ಯರು ಅಥವಾ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿತರಾದವರು ಇಂಥ ಅಧಿಕೃತ ಪ್ರತಿನಿಧಿಗಳೇ ಆಗಿರಬೇಕು. ಸಹಿ ಮಾಡಿ ಕೊಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎನ್ನುವ ಏಜೆಂಟರು ಬರೆದ ಸುಳ್ಳಿಗೂ ಉತ್ತರ ಹೇಳಬೇಕಾದವರು ಸಹಿ ಮಾಡಿದವರೇ.

ಕಾಯುವ ಕಾಲ

ಅರ್ಜಿ ಪೂರ್ಣವಾಗಿದೆ ಎಂದು ಕಂಡರೆ ಎಒಆರ್ ಎಂಬ ಸ್ವೀಕೃತಿ ಪತ್ರ ಬರುತ್ತದೆ. ಬಯೋಮೆಟ್ರಿಕ್ಸ್ ಸೂಚನೆ, ಸ್ಪಾನ್ಸರ್ ಅರ್ಹತೆಯ ತೀರ್ಮಾನ, ವೈದ್ಯಕೀಯ ಪರೀಕ್ಷೆಯ ಸೂಚನೆ, ಹಿನ್ನೆಲೆ ತಪಾಸಣೆ ಇವು ಒಂದರ ಹಿಂದೊಂದಾಗಿಯೂ ಕೆಲವೊಮ್ಮೆ ಅಕ್ಕಪಕ್ಕದಲ್ಲಿಯೂ ನಡೆಯುತ್ತವೆ. ಪರಿಶೀಲನೆಯ ಸದ್ಯದ ಅವಧಿ ಇಲಾಖೆಯ ತಾಣದಲ್ಲಿ ಸಿಗುತ್ತದೆ. ಕ್ವಿಬೆಕ್ ಹೊರತುಪಡಿಸಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚೆಂದು ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ತಿಂಗಳುಗಟ್ಟಲೆ ಏನೂ ಕದಲದಿದ್ದರೆ ಮಾಹಿತಿ ಹಕ್ಕಿನ ಕಾಯಿದೆಯಡಿ 5 ಡಾಲರ್ ಕೊಟ್ಟು ಕಡತದ ಟಿಪ್ಪಣಿಗಳನ್ನು ಪಡೆಯಬಹುದು. ವಿಳಾಸ, ಪಾಸ್‌ಪೋರ್ಟ್, ಗರ್ಭಧಾರಣೆ, ಮಗುವಿನ ಜನನ ಇವುಗಳಲ್ಲಿ ಯಾವ ಬದಲಾವಣೆಯಾದರೂ ತಡಮಾಡದೆ ತಿಳಿಸಿ.

ಕಾಯುವ ನಡುವೆ ಪ್ರವಾಸಿ ವೀಸಾ ಕೇಳಿದರೆ ಪಿಆರ್ ಅರ್ಜಿಗೆ ಧಕ್ಕೆಯಾಗುತ್ತದೆಂಬ ಮಾತು ಬಲವಾಗಿ ಹಬ್ಬಿದೆ. ಅದು ಸರಿಯಲ್ಲ. ಮುಂದೆ ನೆಲೆಸುವ ಆಸೆಯಿದ್ದೂ ಈಗ ತಾತ್ಕಾಲಿಕವಾಗಿ ಬಂದು ಅವಧಿ ಮುಗಿದಾಗ ಹೊರಡುವೆನೆಂಬ ಇಮ್ಮಡಿ ಉದ್ದೇಶವನ್ನು ಕಾನೂನು ಒಪ್ಪುತ್ತದೆ. ವೀಸಾ ಅರ್ಜಿಯಲ್ಲಿ ಸ್ಪಾನ್ಸರ್‌ಶಿಪ್ ವಿಷಯವನ್ನು ಮುಚ್ಚಿಡದೆ ಸ್ವೀಕೃತಿ ಪತ್ರವನ್ನೇ ಲಗತ್ತಿಸಬೇಕು.

ಅನುಮಾನವಿದ್ದರೆ ಅಧಿಕಾರಿ ಸಂದರ್ಶನಕ್ಕೆ ಕರೆಯಬಹುದು, ಅಥವಾ ಆಕ್ಷೇಪಗಳನ್ನು ಬರೆದು ವಿವರಣೆ ಕೇಳುವ ಪತ್ರ ಕಳುಹಿಸಬಹುದು. ಅಂಥ ಪತ್ರ ಬಂದರೆ ಪ್ರತಿ ಆಕ್ಷೇಪಕ್ಕೂ ಬೇರೆಬೇರೆಯಾಗಿ, ಹೊಸ ದಾಖಲೆಯೊಂದಿಗೆ, ಗಡುವಿನೊಳಗೆ ಉತ್ತರಿಸಿ. ವಕೀಲರಿಗೆ ಕೊಡುವ ಹಣ ಸಾರ್ಥಕವಾಗುವುದು ಈ ಹಂತದಲ್ಲಿ. ಸಂದರ್ಶನಕ್ಕೆ ಉತ್ತರಗಳನ್ನು ಬಾಯಿಪಾಠ ಮಾಡಬೇಡಿ, ನೀವೇ ಬರೆದ 5532ನ್ನು ಇಬ್ಬರೂ ಮತ್ತೊಮ್ಮೆ ಓದಿಕೊಳ್ಳಿ. ಔಟ್‌ಲ್ಯಾಂಡ್ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ 30 ದಿನ, ಇನ್‌ಲ್ಯಾಂಡ್ ತಿರಸ್ಕೃತವಾದರೆ ಫೆಡರಲ್ ನ್ಯಾಯಾಲಯಕ್ಕೆ 15 ದಿನ ಮಾತ್ರ ಇರುತ್ತದೆ.

ಪಿಆರ್ ಆದ ಮೇಲೆ

ಒಪ್ಪಿಗೆಯಾದರೆ ಪಿಆರ್ ದೃಢೀಕರಣ ಪತ್ರ ಬರುತ್ತದೆ. ಹೊರಗಿರುವವರು ಅದರಲ್ಲಿ ನಮೂದಾದ ದಿನಾಂಕದೊಳಗೆ ಕೆನಡಾವನ್ನು ಪ್ರವೇಶಿಸಬೇಕು. ಆ ದಿನದಿಂದ ಸ್ಪಾನ್ಸರ್ ಕೊಟ್ಟ ಮೂರು ವರ್ಷದ ಮುಚ್ಚಳಿಕೆ ಜಾರಿಗೆ ಬರುತ್ತದೆ. ಈ ಅವಧಿಯಲ್ಲಿ ಸಂಗಾತಿ ಸಾಮಾಜಿಕ ನೆರವು ಪಡೆದರೆ ಆ ಹಣವನ್ನು ಸ್ಪಾನ್ಸರ್ ಸರ್ಕಾರಕ್ಕೆ ಮರಳಿ ಕಟ್ಟಬೇಕು; ಕೆಲಸ ಹೋಗಿದ್ದರೂ, ವಿಚ್ಛೇದನವೇ ಆಗಿದ್ದರೂ ಈ ಹೊಣೆ ತಪ್ಪುವುದಿಲ್ಲ.

ಬಂದ ಸಂಗಾತಿ ತಿಳಿದಿರಬೇಕಾದ ಇನ್ನೊಂದು ಮುಖವೂ ಇದಕ್ಕಿದೆ. ಎರಡು ವರ್ಷ ಜೊತೆಗೆ ಬದುಕದಿದ್ದರೆ ಪಿಆರ್ ಹೋಗುತ್ತದೆಂಬ ಷರತ್ತು 2012ರಲ್ಲಿ ಜಾರಿಗೆ ಬಂದಿತ್ತು, 2017ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಲಾಯಿತು. ಆದ್ದರಿಂದ ಮನೆಬಿಟ್ಟು ಹೋದರೆ ನಿನ್ನ ಪಿಆರ್ ರದ್ದು ಮಾಡಿಸುತ್ತೇನೆ ಎಂದು ಗಂಡನಾಗಲಿ ಅತ್ತೆಮಾವಂದಿರಾಗಲಿ ಹೆದರಿಸಿದರೆ ಅದು ಬರಿಯ ಬೆದರಿಕೆ. ಪಿಆರ್ ಇನ್ನೂ ಕೈಗೆ ಬಾರದೆ ಕೆನಡಾದೊಳಗಿದ್ದು ಹಿಂಸೆ ಅನುಭವಿಸುತ್ತಿರುವವರಿಗೂ 2019ರ ಜುಲೈನಿಂದ ಶುಲ್ಕವಿಲ್ಲದ ತಾತ್ಕಾಲಿಕ ನಿವಾಸ ಪರವಾನಗಿಯ ವ್ಯವಸ್ಥೆಯಿದೆ.

ಪಿಆರ್ ಕಾರ್ಡ್ ಕೆನಡಾದ ವಿಳಾಸಕ್ಕೆ ಮಾತ್ರ ಬರುತ್ತದೆ. ಅದು ಕೈಸೇರುವ ಮೊದಲು ಊರಿಗೆ ಹೋದರೆ ಮರಳುವಾಗ ವಿಮಾನ ಹತ್ತಲು ಪ್ರತ್ಯೇಕ ಪ್ರಯಾಣ ದಾಖಲೆಗೆ ಅರ್ಜಿ ಹಾಕಬೇಕಾಗುತ್ತದೆ. ಮುಂದೆ ಪಿಆರ್ ಉಳಿಸಿಕೊಳ್ಳಲು ಪ್ರತಿ ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿ ಇರಬೇಕು. ಕೆನಡಾದ ಪೌರರಾದ ಸಂಗಾತಿಯ ಜೊತೆ ಹೊರದೇಶದಲ್ಲಿ ಕಳೆದ ದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ, ಆದರೆ ಪೌರತ್ವಕ್ಕೆ ಬೇಕಾದ 1,095 ದಿನಗಳ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ.